ಸವೆದ ಅಕ್ಷರದ ಜಾಗದಲ್ಲಿ

ಕೋಗಿಲು ಕ್ರಾಸಿನ ಬಳಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಈಚೆಗೆ ಹಿರಿಯರೊಬ್ಬರು ಪೆನ್‌ಡ್ರೈವ್ ಕೊಟ್ಟು, ಊರ ದೇವಸ್ಥಾನದ ಹಳೆಯ ಜಮಾಖರ್ಚಿನ ಪಟ್ಟಿಯನ್ನು ಪ್ರಿಂಟ್ ಹಾಕಿಕೊಡುವಂತೆ ಕೇಳಿದರು. ಫೈಲು ತೆರೆಯಿತು, ಆದರೆ ಪರದೆಯ ಮೇಲೆ ಕನ್ನಡದ ಒಂದಕ್ಷರವೂ ಇರಲಿಲ್ಲ. ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀರು ಹೊತ್ತ ಎ, ಪೌಂಡಿನ ಗುರುತು, ಮತ್ತೆ ಗೀರಿನ ಎ. ಅಂಕಿಗಳು ಮಾತ್ರ ನೆಟ್ಟಗಿದ್ದವು: ಯಾರೋ 501 ಕೊಟ್ಟಿದ್ದರು, ಯಾರೋ 1001 ಕೊಟ್ಟಿದ್ದರು, ಯಾರು ಎಂಬುದೇ ಕಾಣುತ್ತಿರಲಿಲ್ಲ. “ಫೈಲ್ ಕೆಟ್ಟೋಗಿದೆ ಅಂಕಲ್” ಎಂದ ಹುಡುಗ. “ಕೆಟ್ಟಿಲ್ಲ ಕಣಪ್ಪ, ಆಗ ಟೈಪ್ ಮಾಡಿಸಿದ್ದು ನುಡೀಲಿ. ನಿನ್ ಕಂಪ್ಯೂಟರಿಗೆ ಅದು ಓದಕ್ಕೆ ಬರಲ್ಲ ಅಷ್ಟೆ” ಎಂದರು ಹಿರಿಯರು, ಯಾವ ಗಾಬರಿಯೂ ಇಲ್ಲದೆ.

ಅವರ ಮಾತು ಅಕ್ಷರಶಃ ನಿಜ. ಆ ಫೈಲಿನೊಳಗೆ ಎಂದೂ ಕನ್ನಡ ಇರಲಿಲ್ಲ, ಇದ್ದದ್ದು ಬರಿಯ ಅಂಕಿಗಳ ಸಾಲು. ಯಾವ ಅಂಕಿ ಬಂದಾಗ ಯಾವ ಆಕಾರ ಬಿಡಿಸಬೇಕೆಂಬ ಒಪ್ಪಂದ ಬೇರೆಲ್ಲೋ, ಫಾಂಟಿನಲ್ಲಿ ಇತ್ತು. ತೊಂಬತ್ತರ ದಶಕದಲ್ಲೂ ಅದಾದ ಮೇಲೆ ಬಹಳ ವರ್ಷವೂ ಶ್ರೀಲಿಪಿ, ಆಕೃತಿ, ನುಡಿ ಎಂದು ಒಂದೊಂದು ತಂತ್ರಾಂಶವೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ತನ್ನದೇ ಕ್ರಮದಲ್ಲಿ ಕೂರಿಸಿಕೊಂಡಿತ್ತು. ಹಾಗಾಗಿ ಒಂದು ಅಚ್ಚುಮನೆಯ ಕನ್ನಡ ಇನ್ನೊಂದು ಅಚ್ಚುಮನೆಯ ಕಂಪ್ಯೂಟರಿಗೆ ಪರದೇಶದ ಭಾಷೆಯಾಗಿತ್ತು. 1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್ ಕನ್ನಡಕ್ಕೆ 128 ಮನೆಗಳ ಒಂದು ಸಾಲನ್ನು ಬಿಟ್ಟುಕೊಟ್ಟಿತು. ಆ ಲೆಕ್ಕದಲ್ಲಿ ‘ಕ’ ಎಂದರೆ ಲೋಕದ ಯಾವ ಮೂಲೆಯಲ್ಲೂ 3221 ಎಂಬ ಒಂದೇ ಅಂಕಿ. ಮನುಷ್ಯರು ಒಂದು ಅಂಕಿಯ ಬಗ್ಗೆ ಹೀಗೆ ಒಮ್ಮತಕ್ಕೆ ಬರುವುದು ಸಣ್ಣ ಸಂಗತಿಯೇನಲ್ಲ. ಹೆಚ್ಚಿನ ವಿಷಯಗಳಲ್ಲಿ ನಮಗೆ ಅದು ಸಾಧ್ಯವಾಗಿಲ್ಲ.

ಒಂದನ್ನು ಅದಲ್ಲದ ಇನ್ನೊಂದರೊಳಗೆ ಇಟ್ಟು, ಎದುರಿಗಿಲ್ಲದ ಯಾರಿಗೋ ಕಳಿಸುವ ಈ ಕೆಲಸವನ್ನು ಬರೆಯುವವನು ಮಾಡುತ್ತಾನೆ, ತಂತಿ ಕಳಿಸುವವನು ಮಾಡುತ್ತಾನೆ, ಜೀವಕೋಶ ಮಾಡುತ್ತದೆ, ನಮ್ಮ ನೆನಪು ಮಾಡುತ್ತದೆ, ಸಂತೆಯ ದಲ್ಲಾಳಿಯೂ ಮಾಡುತ್ತಾನೆ. ಹೀಗೆ ಅಡಗಿಸಿಡುವವರ ಜಾಣ್ಮೆಯನ್ನು ಕುರಿತು ಬಹಳ ಬರೆದದ್ದಿದೆ. ನನಗೆ ಈಚೆಗೆ ಅದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು ತುದಿಯಲ್ಲಿ ನಿಂತವನ ನಡತೆ. ತನಗೆ ಪೂರ್ತಿ ಗೊತ್ತಿಲ್ಲದ ಒಪ್ಪಂದವೊಂದರಲ್ಲಿ ಬರೆದದ್ದು ಕೈಗೆ ಬಂದಾಗ ಮನುಷ್ಯ ಏನು ಮಾಡುತ್ತಾನೆ? ಕೆಟ್ಟುಹೋಗಿದೆ ಎಂದು ಬದಿಗಿಡುತ್ತಾನೆಯೇ, ತನಗೆ ಬೇಕಾದದ್ದನ್ನು ಅದರಲ್ಲಿ ಓದಿಕೊಳ್ಳುತ್ತಾನೆಯೇ, ಅಥವಾ ಇವೆರಡರ ನಡುವೆ ಇನ್ನೊಂದು ದಾರಿ ಇದೆಯೇ?

ಕೋಗಿಲಿನಿಂದ ಬಳ್ಳಾರಿ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ ಸಿಗುವ ಹೆಬ್ಬಾಳದಲ್ಲಿ ಬೆಂಗಳೂರಿನ ಈವರೆಗಿನ ಅತ್ಯಂತ ಹಳೆಯ ಕನ್ನಡ ಶಾಸನವಿದೆ. ಅದೊಂದು ವೀರಗಲ್ಲು, ಗಂಗರ ಶ್ರೀಪುರುಷನ ಆಳ್ವಿಕೆಯದು, ಸುಮಾರು ಕ್ರಿ.ಶ. 750ರದು. ಊರಿನ ಮೇಲೆ ಬಿದ್ದ ದಾಳಿಯಲ್ಲಿ ಹೋರಾಡಿ ಸತ್ತ ಕಿತ್ತಯ್ಯ ಎಂಬ ಒಬ್ಬನಿಗಾಗಿ ನಿಲ್ಲಿಸಿದ್ದು. ಪೆರ್ಬೊಳಲ್‌ನಾಡು ಮೂವತ್ತು ಎಂಬ ಆಡಳಿತದ ಹೆಸರು ಅದರಲ್ಲಿದೆ. ಅದು ಬೆಳಕಿಗೆ ಬಂದದ್ದು 2018ರಲ್ಲಿ. ಅಲ್ಲಿಯವರೆಗೆ ಅದರ ಮೇಲೆ, ಅದರ ಸುತ್ತ, ಅದನ್ನು ದಾಟಿ ಎಷ್ಟು ತಲೆಮಾರು ನಡೆದುಹೋಗಿರಬೇಕು! ಕಲ್ಲಿನಲ್ಲಿ ಅಕ್ಷರ ಇತ್ತು. ಆ ಅಕ್ಷರದ ಮೊಮ್ಮಕ್ಕಳ ಮೊಮ್ಮಕ್ಕಳೇ ಊರಿನ ಅಂಗಡಿ ಬೋರ್ಡುಗಳ ಮೇಲೂ ಬಸ್ಸಿನ ಹಣೆಯ ಮೇಲೂ ಇದ್ದವು. ನಡುವೆ ಓದುವ ಕಣ್ಣಿನ ಪರಂಪರೆಯೊಂದು ಕಡಿದುಹೋಗಿತ್ತು.

ಬೆಂಗಳೂರಿನ ಸುತ್ತಲಿನ ಊರುಗಳಲ್ಲಿ ಶಾಸನದ ಕಲ್ಲು ಬಟ್ಟೆ ಒಗೆಯುವ ಬಂಡೆಯಾಗಿದ್ದನ್ನೂ, ಮೋರಿಯ ಮೇಲಿನ ಚಪ್ಪಡಿಯಾಗಿದ್ದನ್ನೂ, ಹಾಗೆಯೇ ಅರಿಸಿನ ಕುಂಕುಮ ಬಳಿಸಿಕೊಂಡು ಹೆಸರಿಲ್ಲದ ದೇವರಾಗಿದ್ದನ್ನೂ ಕಂಡವರಿದ್ದಾರೆ. ಚಪ್ಪಡಿ ಮಾಡಿಕೊಂಡವರನ್ನು ಬೈಯುವುದು ಸುಲಭ. ಪೂಜಿಸುವವರನ್ನು ಮೆಚ್ಚುವುದೂ ಸುಲಭ. ಆದರೆ ಎರಡರಲ್ಲೂ ಕಲ್ಲು ಏನು ಹೇಳುತ್ತಿದೆ ಎಂಬ ಪ್ರಶ್ನೆ ಏಳುವುದಿಲ್ಲ. ಕೈಮುಗಿಯುವುದು ಓದದಿರುವುದಕ್ಕೆ ಇರುವ ಅತ್ಯಂತ ಸಭ್ಯವಾದ ದಾರಿ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ, ಕಲ್ಲುಗಳ ವಿಷಯದಲ್ಲಿ ಮಾತ್ರವಲ್ಲ.

ಹಾಗೆ ನೋಡಿದರೆ, ವೀರಗಲ್ಲು ನೆಡುವವರು ಓದು ಬಾರದವರನ್ನು ಮರೆತಿರಲಿಲ್ಲ. ಆ ಕಾಲದ ಹಳ್ಳಿಯಲ್ಲಿ ಅಕ್ಷರ ಬಲ್ಲವರು ಎಷ್ಟು ಮಂದಿ? ಆದ್ದರಿಂದಲೇ ಹೆಚ್ಚಿನ ವೀರಗಲ್ಲುಗಳಲ್ಲಿ ಬರಹದ ಜೊತೆ ಚಿತ್ರ ಇರುತ್ತದೆ: ಕೆಳಗೆ ಕಾದಾಟ, ನಡುವೆ ಸತ್ತವನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿಯಲ್ಲಿ ಕೂತ ವೀರ. ದಾನಶಾಸನಗಳ ನೆತ್ತಿಯ ಮೇಲೆ ಸೂರ್ಯ ಚಂದ್ರ, ಅಂದರೆ ಅವರಿರುವಷ್ಟು ಕಾಲ ಈ ದಾನ ಸಲ್ಲಲಿ ಎಂದು. ಕೆಲವೆಡೆ ದಾನವನ್ನು ಅಪಹರಿಸಿದವನಿಗೆ ಬರುವ ಗತಿಯೂ ಚಿತ್ರದಲ್ಲೇ ಇರುತ್ತದೆ, ನೋಡಿದವರು ಮತ್ತೆ ನೋಡಲಾರದಷ್ಟು ಒರಟಾಗಿ. ಒಂದೇ ಮಾತನ್ನು ಎರಡು ಬಗೆಯಲ್ಲಿ ಹೇಳಿಟ್ಟರೆ ಒಂದು ಸವೆದರೂ ಇನ್ನೊಂದು ಉಳಿದೀತು. ಸಂದೇಶದಲ್ಲಿ ಮತ್ತೆಮತ್ತೆ ಬರುವುದೆಲ್ಲ ದಂಡವಲ್ಲ, ದಾರಿಯ ಗದ್ದಲದಿಂದ ಅದನ್ನು ಕಾಪಾಡುವುದು ಆ ಮರುಕಳಿಕೆಯೇ ಎಂಬುದನ್ನು ಅಮೆರಿಕದ ಕ್ಲಾಡ್ ಶಾನನ್ 1948ರಲ್ಲಿ ಗಣಿತದಲ್ಲಿ ತೋರಿಸಿಕೊಟ್ಟ. ನಮ್ಮ ಕಲ್ಲುಕುಟಿಗರಿಗೆ ಆ ಗಣಿತ ಬೇಕಿರಲಿಲ್ಲ; ಮಳೆ, ಬಿಸಿಲು ಮತ್ತು ಮನುಷ್ಯರ ಮರೆವು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕಿತ್ತಯ್ಯನ ಕಲ್ಲಿಗೆ ಈಗ ಹೆಬ್ಬಾಳದ ಜನ ಮಂಟಪ ಕಟ್ಟಿಸಿದ್ದಾರೆ. ಇತಿಹಾಸ ಅಧ್ಯಯನದ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಮುತ್ತಲಿನ ಇಂಥ ನೂರಾರು ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಕಣ್ಣಿಗೆ ಕಾಣದಷ್ಟು ಸವೆದ ಗೆರೆಯನ್ನೂ ಅಳತೆಯಲ್ಲಿ ಹಿಡಿದಿಡುತ್ತಿದ್ದಾರೆ. ಕಲ್ಲೂ ಅಂಕಿಯಾಗುತ್ತಿದೆ. ಆದರೆ ಯಂತ್ರ ಎಷ್ಟೇ ಸೂಕ್ಷ್ಮವಾದರೂ ಕೆಲವು ಜಾಗಗಳಲ್ಲಿ ಅಕ್ಷರ ಹೋಗಿಯೇಬಿಟ್ಟಿರುತ್ತದೆ. ಅಲ್ಲಿ ಏನು ಮಾಡುತ್ತಾರೆ ಎಂಬುದು ನನಗೆ ಈ ಇಡೀ ವಿದ್ಯೆಯಲ್ಲೇ ಪ್ರಿಯವಾದ ಸಂಗತಿ.

ಬಿ. ಎಲ್. ರೈಸ್ ಸಿದ್ಧಪಡಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟ, ಬೆಂಗಳೂರು ಜಿಲ್ಲೆಯದು, 1905ರಲ್ಲಿ ಬಂತು. ಅದರ ಪುಟ ಮಗುಚಿದರೆ ಶಾಸನದ ಪಾಠದ ನಡುವೆ ಅಲ್ಲಲ್ಲಿ ಚುಕ್ಕಿಗಳ ಸಾಲು ಕಾಣುತ್ತದೆ. ಕಲ್ಲು ಒಡೆದಿದೆ, ಅಕ್ಷರ ಸವೆದಿದೆ, ಇಲ್ಲಿ ನಮಗೆ ಓದಲಾಗಲಿಲ್ಲ ಎಂದು ಆ ಚುಕ್ಕಿಗಳ ಅರ್ಥ. ಊಹಿಸಿದ್ದರೆ ಊಹೆಯನ್ನು ಆವರಣದೊಳಗೆ ಇಡುವುದು ಶಾಸನಜ್ಞರ ರೂಢಿ. ಕಣ್ಣಿಗೆ ಕಂಡದ್ದು ಒಂದು ಕಡೆ, ಮನಸ್ಸಿಗೆ ತೋಚಿದ್ದು ಇನ್ನೊಂದು ಕಡೆ, ಎರಡಕ್ಕೂ ನಡುವೆ ಒಂದು ಬೇಲಿ. ರಾಜನ ಹೆಸರು ಇಂಥದ್ದೇ ಇರಬೇಕೆಂದು ಒಳಗೊಳಗೆ ಖಚಿತವಾಗಿದ್ದರೂ, ಆ ಒಂದು ಅಕ್ಷರ ಸಿಕ್ಕಿಬಿಟ್ಟರೆ ಇತಿಹಾಸದ ದೊಡ್ಡ ಜಗಳವೊಂದು ತನ್ನ ಪರವಾಗಿ ಮುಗಿಯುತ್ತದೆಂದು ಗೊತ್ತಿದ್ದರೂ, ಕಾಣದ ಅಕ್ಷರಕ್ಕೆ ಚುಕ್ಕಿಯನ್ನೇ ಹಾಕುವ ವಿದ್ವಾಂಸನ ಸಂಯಮವನ್ನು ಒಮ್ಮೆ ಯೋಚಿಸಿ ನೋಡಿ. ಮೂರು ಚುಕ್ಕಿ ಹಾಕುವುದಕ್ಕೆ ಬೇಕಾಗುವ ಧೈರ್ಯ ಮೂರು ಅಕ್ಷರ ತುಂಬುವುದಕ್ಕೆ ಬೇಕಾಗುವುದಿಲ್ಲ.

ಇದೇ ಬಗೆಯ ಪ್ರಾಮಾಣಿಕತೆ ಯೂನಿಕೋಡಿನ ಕನ್ನಡದ ಸಾಲಿನಲ್ಲೂ ಒಂದು ವಿಚಿತ್ರ ರೂಪದಲ್ಲಿ ಉಳಿದಿದೆ. ಕಿತ್ತಯ್ಯನ ಕಾಲದ ಕನ್ನಡದಲ್ಲಿ ಜೀವಂತವಾಗಿದ್ದು ಮುಂದಿನ ಕೆಲವು ಶತಮಾನಗಳಲ್ಲಿ ಬಳಕೆ ತಪ್ಪಿದ ‘ೞ’ ಅಕ್ಷರಕ್ಕೆ ಅಲ್ಲಿ ಒಂದು ಮನೆ ಇದೆ. ಆ ಮನೆಯ ಹೊರಗೆ ಬರೆದಿರುವ ಹೆಸರು ಮಾತ್ರ ‘ಕನ್ನಡ ಅಕ್ಷರ ಫ’ ಎಂದು, ಇಂಗ್ಲಿಷಿನ ಎಫ್ ಧ್ವನಿಯ ಫ! ಯಾರೋ ಎಲ್ಲೋ ತಪ್ಪು ಓದಿದ್ದು ಹಾಗೆಯೇ ಅಚ್ಚಾಯಿತು. ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸಬಾರದೆಂಬುದು ಯೂನಿಕೋಡಿನ ಕಟ್ಟುನಿಟ್ಟು, ಏಕೆಂದರೆ ಆ ಹೆಸರನ್ನು ನಂಬಿ ಯಾರು ಯಾರು ಏನೇನು ಕಟ್ಟಿಕೊಂಡಿದ್ದಾರೋ ತಿಳಿಯದು. ಹಾಗಾಗಿ ತಪ್ಪನ್ನು ಅಳಿಸಲಿಲ್ಲ. ಪಕ್ಕದಲ್ಲಿ ಸರಿಯಾದ ಹೆಸರನ್ನು ಅಧಿಕೃತವಾಗಿ ಸೇರಿಸಿದರು. ಇಂದಿಗೂ ಎರಡೂ ಒಟ್ಟಿಗೇ ಇವೆ. ವೈಯಾಕರಣ ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ, ಈ ಅಕ್ಷರ ಜನರ ನಾಲಗೆಯಿಂದ ಜಾರುತ್ತಿದ್ದಾಗ, ಅದು ಯಾವ ಯಾವ ಪದಗಳಲ್ಲಿ ಬರುತ್ತದೆಂದು ಕಾಳಜಿಯಿಂದ ಪಟ್ಟಿ ಮಾಡಿಟ್ಟಿದ್ದ. ತನ್ನ ಪ್ರೀತಿಯ ಅಕ್ಷರಕ್ಕೆ ಎಫ್ ಎಂಬ ಅಡ್ಡಹೆಸರು ಬಂದದ್ದನ್ನು ಕೇಳಿದ್ದರೆ ಆತ ಏನೆನ್ನುತ್ತಿದ್ದನೋ!

ಇನ್ನು, ಓದುವವನ ಎರಡನೆಯ ಪ್ರಲೋಭನೆಗೆ ಬರೋಣ. ಇದು ನಿರ್ಲಕ್ಷ್ಯಕ್ಕಿಂತ ಆಕರ್ಷಕ, ಆದ್ದರಿಂದ ಹೆಚ್ಚು ಅಪಾಯಕಾರಿ. ಕನ್ನಡದಲ್ಲಿ ‘ಸಿರಿಭೂವಲಯ’ ಎಂಬ ಕೃತಿಯಿದೆ. ಕುಮುದೇಂದು ಎಂಬ ಜೈನ ಮುನಿ ಬರೆದದ್ದೆಂದು ಹೇಳುವ ಈ ಕೃತಿಯಲ್ಲಿ ಅಕ್ಷರವೇ ಇಲ್ಲ. ಇರುವುದೆಲ್ಲ ಒಂದರಿಂದ ಅರವತ್ನಾಲ್ಕರವರೆಗಿನ ಅಂಕಿಗಳು. ಹ್ರಸ್ವ, ದೀರ್ಘ, ಪ್ಲುತ ಸೇರಿ 27 ಸ್ವರ, 33 ವ್ಯಂಜನ, ನಾಲ್ಕು ಯೋಗವಾಹ, ಹೀಗೆ ಒಟ್ಟು 64 ಧ್ವನಿಗಳಿಗೆ 64 ಅಂಕಿ. ಇಪ್ಪತ್ತೇಳು ಸಾಲು, ಇಪ್ಪತ್ತೇಳು ಕಂಬ, ಒಟ್ಟು 729 ಮನೆಗಳ ಚೌಕವೊಂದು ಒಂದು ಚಕ್ರ. ಅದನ್ನು ಎಡದಿಂದ ಬಲಕ್ಕೆ ಓದುವಂತಿಲ್ಲ. ಯಾವ ಮನೆಯಿಂದ ಯಾವ ಮನೆಗೆ ಜಿಗಿಯಬೇಕೆಂದು ಹೇಳುವ ಬಂಧಗಳಿವೆ, ಹಂಸಬಂಧ, ಪದ್ಮಬಂಧ ಎಂದು ಅವುಗಳ ಹೆಸರು. ದಾರಿ ಸರಿಯಾಗಿ ಹಿಡಿದರೆ ಕನ್ನಡದ ಸಾಂಗತ್ಯ ಪದ್ಯಗಳು ಸಿಗುತ್ತವೆ. ಆ ಪದ್ಯಗಳ ಮೊದಲಕ್ಷರಗಳನ್ನೇ ಮೇಲಿನಿಂದ ಕೆಳಕ್ಕೆ ಹಿಡಿದರೆ ಪ್ರಾಕೃತ, ನಡುವಿನ ನಿಶ್ಚಿತ ಅಕ್ಷರಗಳನ್ನು ಹಿಡಿದರೆ ಸಂಸ್ಕೃತ ಬರುತ್ತದೆಂದು ಅದನ್ನು ಬಿಡಿಸಿದವರು ತೋರಿಸಿದ್ದಾರೆ.

ಬೆಂಗಳೂರಿನ ಪಂಡಿತ ಯಲ್ಲಪ್ಪ ಶಾಸ್ತ್ರಿಗಳ ಬಳಿಯಿದ್ದ ಹಸ್ತಪ್ರತಿಯ ಮೇಲೆ ಕರ್ಲಮಂಗಲಂ ಶ್ರೀಕಂಠಯ್ಯನವರು ವರ್ಷಗಟ್ಟಲೆ ದುಡಿದರು. 1953ರಲ್ಲಿ ಅದರ ಮೊದಲ ಭಾಗ ಅಚ್ಚಾಯಿತು. ಈ ಕೆಲಸದಲ್ಲಿ ಜೊತೆಗಿದ್ದವರಲ್ಲಿ ಒಬ್ಬರು ಕೆ. ಅನಂತಸುಬ್ಬರಾವ್. ಕನ್ನಡಕ್ಕೆ ಬೆರಳಚ್ಚು ಯಂತ್ರದ ಕೀಲಿಮಣೆ ರೂಪಿಸಿಕೊಟ್ಟವರೂ ಅವರೇ. ಕಾಗುಣಿತ ಒತ್ತಕ್ಷರಗಳೊಡನೆ ಸಾವಿರಗಟ್ಟಲೆ ಆಕಾರ ತಾಳುವ ಲಿಪಿಯನ್ನು ಐವತ್ತಕ್ಕೂ ಕಡಮೆ ಕೀಲಿಗಳಲ್ಲಿ ಹಿಡಿಸಿದ ಮನುಷ್ಯನಿಗೆ, ಇಡೀ ಕಾವ್ಯವನ್ನು ಅರವತ್ನಾಲ್ಕು ಅಂಕಿಗಳಲ್ಲಿ ಹಿಡಿಸಿದ ಇನ್ನೊಬ್ಬನ ಕೈಚಳಕ ಕಂಡು ಎಷ್ಟು ಸಂತೋಷವಾಗಿರಬೇಕು ಎಂದು ನಾನು ಯೋಚಿಸುವುದುಂಟು. ಕಾಲದ ಅಂತರವನ್ನು ಬಿಟ್ಟರೆ ಇಬ್ಬರದೂ ಒಂದೇ ಕಸುಬು.

ಸಿರಿಭೂವಲಯ ಯಾವ ಕಾಲದ್ದು? ಕೃತಿಯ ಒಳಗಿನ ಮಾತುಗಳನ್ನು ನೆಚ್ಚಿದವರು ರಾಷ್ಟ್ರಕೂಟ ಅಮೋಘವರ್ಷನ ಕಾಲ, ಒಂಬತ್ತನೆಯ ಶತಮಾನ ಎನ್ನುತ್ತಾರೆ. ಕವಿಯ ಊರು ನಂದಿ ಬೆಟ್ಟದ ಹತ್ತಿರದ ಯಲವಳ್ಳಿ ಎಂದು ನಂಬುವವರಿದ್ದಾರೆ, ಅಂದರೆ ನಮ್ಮ ಕಡೆಯವನೇ. ಭಾಷೆಯನ್ನೂ ಛಂದಸ್ಸನ್ನೂ ಒರೆಗೆ ಹಚ್ಚಿದವರು, ಸಾಂಗತ್ಯ ಹೀಗೆ ತುಂಬಿ ಹರಿಯುವುದು ಬಹಳ ಈಚಿನ ಶತಮಾನಗಳಲ್ಲಿ, ಆದ್ದರಿಂದ ಇದು ಅಷ್ಟು ಹಳೆಯದಿರಲಾರದು ಎನ್ನುತ್ತಾರೆ. ಈ ಎರಡನೆಯ ವಾದವೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಆದರೆ ಇಂಥ ಜಗಳ ವಿದ್ವತ್ತಿನ ಆರೋಗ್ಯದ ಲಕ್ಷಣ. ನನ್ನ ಅಳಲು ಅದಲ್ಲ. ಈ ಗ್ರಂಥದಲ್ಲಿ 718 ಭಾಷೆಗಳಿವೆ, ಅಣುವಿಜ್ಞಾನವಿದೆ, ವಿಮಾನವಿದೆ, ಲೋಕದ ಎಲ್ಲ ವಿದ್ಯೆಯೂ ಇದೆ ಎಂಬ ಮಾತು ಸಭೆಯಿಂದ ಸಭೆಗೆ ಹೋಗುತ್ತ, ಪ್ರತಿ ಸಭೆಯಲ್ಲೂ ಸ್ವಲ್ಪ ಸ್ವಲ್ಪ ಬೆಳೆಯುತ್ತ ಬಂದಿದೆ. 729 ಮನೆಗಳಲ್ಲಿ ಎಲ್ಲಿಂದ ಎಲ್ಲಿಗೆ ಬೇಕಾದರೂ ಜಿಗಿಯುವ ಸ್ವಾತಂತ್ರ್ಯವನ್ನು ಓದುಗನೇ ತೆಗೆದುಕೊಂಡುಬಿಟ್ಟರೆ ಅದರಲ್ಲಿ ಏನು ತಾನೇ ಸಿಗುವುದಿಲ್ಲ? ಹಾಗೆ ಸಿಕ್ಕಿದ್ದು ಕುಮುದೇಂದುವಿನದೋ, ಹುಡುಕಿದವನದೋ? ನಮ್ಮ ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತು ಎಂದು ಸಾರುವ ಆತುರದಲ್ಲಿ, ಅವರಿಗೆ ನಿಜವಾಗಿ ಗೊತ್ತಿದ್ದದ್ದನ್ನು, ಅಂದರೆ ಅಂಕಿಗಳಲ್ಲಿ ಪದ್ಯ ಹೊಸೆಯುವ ಆ ಅಪರೂಪದ ಆಟವನ್ನು, ಅದಕ್ಕೆ ಬೇಕಾದ ತಾಳ್ಮೆಯನ್ನು ನಾವು ಕಾಣದೆ ಹೋಗುತ್ತೇವೆ. ಚಪ್ಪಡಿ ಮಾಡಿಕೊಂಡವನು ಕಲ್ಲನ್ನು ಓದಲಿಲ್ಲ ನಿಜ, ಆದರೆ ಅದರ ಬಾಯಲ್ಲಿ ತನ್ನ ಮಾತನ್ನೂ ಇಡಲಿಲ್ಲ.

ಅರವತ್ನಾಲ್ಕು ಎಂದೊಡನೆ ನೆನಪಾಯಿತು. ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ, ಬಳ್ಳಾರಿ ರಸ್ತೆಯ ಬದಿಯ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ, ಜೀವವಿಜ್ಞಾನದ ರಾಷ್ಟ್ರೀಯ ಕೇಂದ್ರವಿದೆ. ಅಲ್ಲಿಯವರು ದಿನವೂ ಓದುವ ಲಿಪಿಯಲ್ಲಿ ನಾಲ್ಕೇ ಅಕ್ಷರ, ಮೂರು ಮೂರು ಸೇರಿ ಒಂದು ಪದ. ನಾಲ್ಕನ್ನು ಮೂರು ಸಲ ಗುಣಿಸಿಕೊಂಡರೆ ಅರವತ್ನಾಲ್ಕು ಪದ. ಅವುಗಳಲ್ಲಿ 61 ಪದಗಳು 20 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ, ಉಳಿದ ಮೂರು ‘ಇಲ್ಲಿಗೆ ನಿಲ್ಲಿಸು’ ಎನ್ನುತ್ತವೆ. ಈ ಒಪ್ಪಂದವನ್ನು ಬಿಡಿಸಿದ್ದಕ್ಕೆ ಹರಗೋಬಿಂದ ಖುರಾನಾ, ನೈರನ್‌ಬರ್ಗ್, ಹಾಲಿ ಮೂವರಿಗೂ 1968ರಲ್ಲಿ ನೊಬೆಲ್ ಬಂತು. ಭೂವಲಯದಲ್ಲೂ 64, ಜೀವದಲ್ಲೂ 64! ಈ ಹೊಂದಾಣಿಕೆ ಕೇಳಿದವರ ಕಣ್ಣು ಅರಳುವುದನ್ನು ನಾನು ನೋಡಿದ್ದೇನೆ. ಒಂದು ಗಳಿಗೆ ನನ್ನ ಕಣ್ಣೂ ಅರಳಿತ್ತು. ಆದರೆ ಚದುರಂಗದ ಹಾಸಿನಲ್ಲೂ ಅರವತ್ನಾಲ್ಕೇ ಮನೆ. ಅಂಕಿಗಳು ಹಾಗೆ ಆಗಾಗ ಎದುರಾಗುತ್ತವೆ, ಎದುರಾದವೆಲ್ಲ ನಂಟರಲ್ಲ.

ಎಲ್ಲ ಸಂಕೇತವೂ ಎಲ್ಲರೂ ಓದಲೆಂದೇ ಇರುವುದಿಲ್ಲ ಎಂಬುದೂ ಒಂದು ಮಾತು. ದೊಡ್ಡಬಳ್ಳಾಪುರದ ಆಚೆ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವಲಿನ ಕೆಳಗೆ ಕೈ ಹಿಡಿದು ವ್ಯಾಪಾರ ಕುದುರಿಸುವುದನ್ನು ನೋಡಿದವರಿಗೆ ಇದು ಗೊತ್ತು. ಮೇಲೆ ಊರ ಸುದ್ದಿ, ಮಳೆ ಬೆಳೆಯ ಮಾತು; ಕೆಳಗೆ ಬೆರಳುಗಳು ಬೆಲೆ ಹೇಳುತ್ತಿರುತ್ತವೆ. ಹಿಡಿದ ಬೆರಳು ನೂರೋ ಸಾವಿರವೋ ಎಂಬುದನ್ನು ಎತ್ತಿನ ಮೈಕಟ್ಟೇ ತೀರ್ಮಾನಿಸುತ್ತದೆ. ಸುತ್ತ ನಿಂತವರಿಗೆ ಕೇಳದಿರುವುದರಿಂದ ಮಾರುವವನ ಮಾನವೂ ಉಳಿಯುತ್ತದೆ, ಕೊಳ್ಳುವವನ ಮಾನವೂ ಉಳಿಯುತ್ತದೆ, ನಡುವಿನವನ ಲಾಭವೂ ಉಳಿಯುತ್ತದೆ. ಅದೇ ತಾಲ್ಲೂಕಿನ ರಾಜಘಟ್ಟದಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ನಡೆದ ಉತ್ಖನನದಲ್ಲಿ ಬೌದ್ಧ ಚೈತ್ಯವೊಂದರ ಅವಶೇಷಗಳು ಸಿಕ್ಕವು. ಜೊತೆಗೆ ಹರಕೆಯ ಪುಟ್ಟ ಮಣ್ಣಿನ ಸ್ತೂಪಗಳು. ಅವುಗಳ ಹೊಟ್ಟೆಯೊಳಗೆ ಬುದ್ಧನ ಉಪದೇಶದ ಸಾರವನ್ನು ಮುದ್ರೆಯೊತ್ತಿದ ಬಿಲ್ಲೆಗಳನ್ನಿಟ್ಟು ಮುಚ್ಚಿದ್ದರು. ಮುಚ್ಚಿದ ಮೇಲೆ ಅದನ್ನು ಓದುವವರು ಯಾರು? ಯಾರೂ ಓದಬೇಕಿರಲಿಲ್ಲ. ಹರಕೆ ಹೊತ್ತವನಿಗೆ ಅದು ಅಲ್ಲಿದೆ ಎಂಬುದು ಗೊತ್ತಿದ್ದರೆ ಸಾಕಿತ್ತು. ಒಡೆದು ಓದಿದ ನಾವು ಜ್ಞಾನ ಪಡೆದೆವು, ಸರಿ. ಆದರೆ ಅದು ನಮಗೆ ಬರೆದ ಕಾಗದವಾಗಿರಲಿಲ್ಲ ಎಂಬ ಅಳುಕೂ ಸ್ವಲ್ಪ ಇದ್ದರೆ ಒಳ್ಳೆಯದು.

ಮನುಷ್ಯರ ನಡುವಿನ ಮಾತುಕತೆಯಲ್ಲಿ ಈ ಅಳುಕು ಇನ್ನೂ ಹೆಚ್ಚು ಬೇಕಾಗುತ್ತದೆ. ನಮ್ಮ ಮನೆಗಳಲ್ಲಿ ಯಾರೂ ಏನನ್ನೂ ನೇರವಾಗಿ ಹೇಳುವುದಿಲ್ಲವಷ್ಟೆ. ಎಲೆಯ ಮುಂದೆ ಕೂತ ನಂಟರು ‘ಬೇಡ’ ಎಂದರೆ ಅದು ಎಷ್ಟನೆಯ ‘ಬೇಡ’ ಎಂಬುದರ ಮೇಲೆ ಬಡಿಸುವ ಕೈ ಮುಂದೆ ಹೋಗಬೇಕೋ ನಿಲ್ಲಬೇಕೋ ತೀರ್ಮಾನವಾಗುತ್ತದೆ. ಬೇರೆ ಸೀಮೆಯಿಂದ ಬಂದ ಸೊಸೆ ಮೊದಲನೆಯ ‘ಬೇಡ’ಕ್ಕೇ ಸೌಟು ಹಿಂತೆಗೆದು, ನಂಟರನ್ನು ಹಸಿದು ಎಬ್ಬಿಸಿದವಳೆಂಬ ಹೆಸರು ಹೊರುತ್ತಾಳೆ. ಇದು ನಗುವ ಸಂಗತಿ. ಆದರೆ ಇದೇ ರೀತಿಯಲ್ಲಿ ನಾವು ಒಬ್ಬರ ಮೌನವನ್ನು ಸೊಕ್ಕು ಎಂದೂ, ಒಬ್ಬರ ತಡವನ್ನು ತಾತ್ಸಾರ ಎಂದೂ, ಫೋನು ಎತ್ತದ್ದನ್ನು ಮನಸ್ಸು ಮುರಿದದ್ದರ ಗುರುತು ಎಂದೂ ಓದುತ್ತ ಹೋಗುತ್ತೇವೆ. ಎಷ್ಟು ಖಚಿತವಾಗಿ ಓದುತ್ತೇವೆ! ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಮಾತು ಬಿಟ್ಟ ಮನೆಗಳಲ್ಲಿ ಮೂಲ ಹುಡುಕಿದರೆ, ಯಾರೋ ಎಂದೋ ಆಡಿದ ಒಂದು ಮಾತು ಸಿಗುತ್ತದೆ. ಇನ್ನೂ ಹುಡುಕಿದರೆ, ಆಡಿಯೇ ಇರದ ಮಾತು.

ಕೇಂಬ್ರಿಡ್ಜಿನ ಮನಶ್ಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ಬಗ್ಗೆ ಒಂದು ಪ್ರಸಿದ್ಧ ಪ್ರಯೋಗವಿದೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಜನಪದ ಕಥೆಯೊಂದನ್ನು ಆತ ಇಂಗ್ಲಿಷ್ ಓದುಗರಿಗೆ ಓದಲು ಕೊಟ್ಟು, ಆಮೇಲೆ ಬೇರೆ ಬೇರೆ ಅವಧಿಯ ನಂತರ ಅದನ್ನು ನೆನಪಿನಿಂದ ಬರೆಸಿದ. ಕಥೆಯಲ್ಲಿದ್ದ ಕಿರುದೋಣಿ ಅವರ ನೆನಪಿನಲ್ಲಿ ಸಾಮಾನ್ಯ ದೋಣಿಯಾಯಿತು, ಕಡಲನಾಯಿ ಬೇಟೆ ಮೀನು ಹಿಡಿಯುವುದಾಯಿತು, ಭೂತದ ಪ್ರಸಂಗ ಅವರ ತರ್ಕಕ್ಕೆ ಒಗ್ಗುವಂತೆ ನುಣುಪಾಯಿತು ಅಥವಾ ಕಳಚಿಯೇ ಹೋಯಿತು. ಅರ್ಥವಾಗದ ಕಡೆಯೆಲ್ಲ ಅವರು ತಮ್ಮ ಬದುಕಿನಿಂದ ತುಂಡು ತಂದು ತೇಪೆ ಹಾಕಿದ್ದರು. ಹಾಗೆ ಹಾಕಿದ್ದು ಅವರಿಗೇ ತಿಳಿದಿರಲಿಲ್ಲ. ಸುಳ್ಳು ಹೇಳುತ್ತಿದ್ದೇವೆಂಬ ಭಾವವೂ ಅವರಿಗಿರಲಿಲ್ಲ, ನೆನಪಿಸಿಕೊಳ್ಳುತ್ತಿದ್ದೇವೆಂದೇ ನಂಬಿದ್ದರು.

ಶಾಸನದ ಪುಟದಲ್ಲಿರುವ ಚುಕ್ಕಿಗಳು ಮನಸ್ಸಿನ ಪುಟದಲ್ಲಿ ಇರುವುದಿಲ್ಲ ಎಂಬುದೇ ಇಲ್ಲಿಯ ಕಷ್ಟ. ಊಹೆಯೂ ಕಂಡದ್ದೂ ಅಲ್ಲಿ ಒಂದೇ ಮಸಿಯಲ್ಲಿ, ಒಂದೇ ಗಾತ್ರದಲ್ಲಿ ಅಚ್ಚಾಗಿರುತ್ತವೆ. ಅಪ್ಪನ ಕಠಿಣ ಸ್ವಭಾವವನ್ನು ನಾನು ಇಷ್ಟು ವರ್ಷ ಹೊತ್ತು ತಿರುಗಿದ್ದೇನಲ್ಲ, ಅದರಲ್ಲಿ ಅವರು ಆಡಿದ್ದೆಷ್ಟು, ನಾನು ಆವರಣ ಹಾಕದೆ ತುಂಬಿಕೊಂಡದ್ದೆಷ್ಟು? ಈಗ ಬೇರ್ಪಡಿಸಲು ಕೂತರೆ ಬರುವುದಿಲ್ಲ. ಕಿತ್ತಯ್ಯನನ್ನು ಕೇಳಲಾಗದು, ಕುಮುದೇಂದುವನ್ನು ಕೇಳಲಾಗದು, ಹೋದ ಅಪ್ಪನನ್ನೂ ಕೇಳಲಾಗದು. ಎದುರಿಗೆ ಬದುಕಿರುವವರನ್ನಂತೂ ಕೇಳಬಹುದು. ‘ನೀನು ಹಾಗೆಂದದ್ದು ಯಾಕೆ’ ಎಂಬ ಒಂದು ಪ್ರಶ್ನೆಗೆ ಖರ್ಚೇನೂ ಇಲ್ಲ. ಆದರೂ ಅದನ್ನು ಕೇಳುವುದಕ್ಕಿಂತ ಉತ್ತರವನ್ನು ನಾವೇ ಬರೆದುಕೊಳ್ಳುವುದು ಹೆಚ್ಚು ಹಿತವಾಗಿರುತ್ತದೆ, ಏಕೆಂದರೆ ನಾವು ಬರೆದುಕೊಂಡ ಉತ್ತರದಲ್ಲಿ ಸಾಮಾನ್ಯವಾಗಿ ತಪ್ಪು ನಮ್ಮದಿರುವುದಿಲ್ಲ.

ಕೋಗಿಲು ಸುತ್ತಮುತ್ತ ಹೊಲಗಳೆಲ್ಲ ಲೇಔಟುಗಳಾದ ಮೇಲೆ ಹಳೆಯ ಹೆಸರುಗಳು ಹೋಗಿ ಸರ್ವೆ ನಂಬರು, ಸೈಟ್ ನಂಬರುಗಳು ಉಳಿದಿವೆ. ಆದರೆ ಹಳೆಯ ಪತ್ರಗಳ ಚಕ್ಕುಬಂದಿಯಲ್ಲಿ ಇನ್ನೂ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಕಾಲುವೆ ಎಂದೇ ಇರುತ್ತದೆ. ಓಣಿ ಎಲ್ಲಿತ್ತು, ಕಾಲುವೆ ಯಾವ ಕಡೆ ತಿರುಗುತ್ತಿತ್ತು ಎಂದು ಹೇಳಬಲ್ಲವರು ಈಗ ಎಂಬತ್ತು ದಾಟಿದ ಕೆಲವರು ಮಾತ್ರ. ಅಂಥ ಒಬ್ಬರನ್ನು ಹುಡುಕಿಕೊಂಡು ಒಂದು ಕಡೆಯವರು ಕಾರಿನಲ್ಲಿ ಬಂದು, ಜಾಗಕ್ಕೆ ಕರೆದೊಯ್ದು, “ಓಣಿ ಇಲ್ಲೇ ತಾನೆ ತಾತ ಇದ್ದದ್ದು? ಇಲ್ಲೇ ಅಂತ ಎಲ್ಲರೂ ಹೇಳ್ತಾರೆ” ಎಂದು ತಮಗೆ ಬೇಕಾದ ಕಡೆಗೆ ಕೈ ತೋರಿಸಿ ಕೇಳಿದರು. ಮುದುಕ ಕೋಲೂರಿಕೊಂಡು ಸ್ವಲ್ಪ ದೂರ ನಡೆದು, ಅಪಾರ್ಟ್‌ಮೆಂಟಿನ ಕಾಂಪೌಂಡೊಂದರ ಬಳಿ ನಿಂತರು. “ಇಲ್ಲೀಗಂಟ ಗೊತ್ತು. ಇಲ್ಲೊಂದು ಹೊಂಗೆ ಮರ ಇತ್ತು, ಇಲ್ಲಿಗಂಟ ನಾನು ದನ ಹೊಡ್ಕೊಂಡು ಬತ್ತಿದ್ದೆ. ಅಲ್ಲಿಂದಾಚೆ ಓಣಿ ಎಂಗೋಯ್ತಿತ್ತೋ ನಂಗೊತ್ತಿಲ್ಲ ಕಣಪ್ಪ, ಆ ಕಡೀಕೆ ನಮ್ ದನ ಓಯ್ತಿರ್ಲಿಲ್ಲ” ಎಂದರು. ಬಂದವರು ಮತ್ತೆ ಮತ್ತೆ ಕೇಳಿದರು, ಒಮ್ಮೆ ಜೋರಾಗಿಯೂ ಕೇಳಿದರು. ತಾತ ಆ ಕಾಂಪೌಂಡಿನಿಂದ ಒಂದು ಹೆಜ್ಜೆಯೂ ಮುಂದಕ್ಕೆ ಇಡಲಿಲ್ಲ.